ಹಗುರದ ಪರಿಗ್ರಹ

ಬೆಂಗಳೂರಿನಿಂದ ಉತ್ತರಕ್ಕೆ, ಚಿಕ್ಕಬಳ್ಳಾಪುರಕ್ಕೆ ಸಮೀಪದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿಯಿದೆ. ಅದರ ಮೇಲ್ಗಡೆ, ಸಮುದ್ರಮಟ್ಟಕ್ಕೆ 1478 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ, ಯೋಗನಂದೀಶ್ವರನಿದ್ದಾನೆ. ಕೆಳಗಿನ ಸ್ವಾಮಿಗೆ ಕೆತ್ತನೆಯ ಕಲ್ಯಾಣಮಂಟಪವೂ ಮೆಟ್ಟಿಲುಗಟ್ಟಿದ ಕಲ್ಯಾಣಿಯೂ ಶಿವರಾತ್ರಿಯ ರಥೋತ್ಸವವೂ ಉಂಟು; ಮೇಲಿನ ಸ್ವಾಮಿ ಸರ್ವವನ್ನೂ ತೊರೆದವನಾದುದರಿಂದ ಆತನಿಗೆ ಉತ್ಸವಗಳು ಸಲ್ಲವೆಂಬುದು ಸಂಪ್ರದಾಯ. ಒಂದೇ ದೈವವನ್ನು ತಪ್ಪಲಿನಲ್ಲಿ ಭೋಗಿಯನ್ನಾಗಿಯೂ ಶಿಖರದಲ್ಲಿ ಯೋಗಿಯನ್ನಾಗಿಯೂ ನೆಲೆಗೊಳಿಸಿದ ಪೂರ್ವಿಕರು, ಮೇಲಕ್ಕೆ ಹೋಗತಕ್ಕವನು ಏನನ್ನಾದರೂ ಕೆಳಗೆ ಬಿಟ್ಟು ಹೋಗಬೇಕೆಂಬ ಅಭಿಪ್ರಾಯವನ್ನು ಹೀಗೆ ಕಲ್ಲಿನಲ್ಲಿ ನಿಲ್ಲಿಸಿದರೆಂದು ನಾನು ತಿಳಿದುಕೊಂಡಿದ್ದೇನೆ. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನ ರಸ್ತೆಯಲ್ಲಿ ರಜಾದಿನದ ನಸುಕಿನಲ್ಲಿ ಸಾಲುಗಟ್ಟಿ ಏರುವ ಸೈಕಲ್ ಸವಾರರ ಅಭಿಪ್ರಾಯವೂ ಇದಕ್ಕಿಂತ ಬೇರೆಯಲ್ಲ. ಅವರು ಬಿಟ್ಟುಹೋಗಬಯಸುವುದು ರಾಗದ್ವೇಷಗಳನ್ನಲ್ಲ, ಗ್ರಾಂಗಳನ್ನು ಎಂಬುದಷ್ಟೇ ಭೇದ.

ಆದರೆ ಗ್ರಾಂಗಳನ್ನು ಬಿಡುವುದಕ್ಕೆ ಹಣ ಬೇಕು. ಮಧ್ಯಮ ಬೆಲೆಯ ರೋಡ್ ಬೈಕೊಂದನ್ನು ಕೊಂಡವನಿಗೆ ಅದರೊಡನೆ ಬರುವ ಗಾಲಿಗಳ ಜೋಡಿ, ಟೈರು ಟ್ಯೂಬುಗಳನ್ನು ಕಳೆದು, ಸಾಮಾನ್ಯವಾಗಿ 1900 ಗ್ರಾಮಿನಷ್ಟು, ಕೆಲವೊಮ್ಮೆ 2 ಕಿಲೋದಷ್ಟು ತೂಗುವುದು. ಉತ್ತಮವಾದ ಅಲ್ಯೂಮಿನಿಯಂ ಗಾಲಿಗಳು 1500ರಿಂದ 1600 ಗ್ರಾಮಿನೊಳಗೆ ಬರುವುವು. ಇಟಲಿಯ ಕ್ಯಾಂಪಾಗ್ನೋಲೊದವರ ಜೋಂಡಾ ಎಂಬ ಗಾಲಿ ಈ ವರ್ಗದಲ್ಲಿ ಬಹುಕಾಲ ಹೆಸರು ಗಳಿಸಿದುದು. ಕಾರ್ಬನ್ ರಿಮ್ಮಿನವು 1300 ಗ್ರಾಮಿಗೂ ಕೆಳಗಿಳಿಯಬಲ್ಲುವು, ಹೆಸರುವಾಸಿಯಾದವುಗಳ ಬೆಲೆ ಲಕ್ಷ ರೂಪಾಯಿಗೂ ಮೇಲೇರಬಲ್ಲುದು. ಅಕ್ಕಿಬೇಳೆ ಕೊಳ್ಳುವವನು ಇರುವ ತೂಕಕ್ಕೆ ಹಣ ತೆರುತ್ತಾನೆ. ಗಾಲಿ ಕೊಳ್ಳುವವನಾದರೋ ಇಲ್ಲದ ತೂಕಕ್ಕೆ ತೆರುತ್ತಾನೆ. ಹೀಗೆ ಹಣ ತೆತ್ತು ಪಡೆದ ಇಲ್ಲದಿರುವಿಕೆಯು ತ್ಯಾಗದ ಪಂಕ್ತಿಗೆ ಸೇರತಕ್ಕದ್ದೋ ಪರಿಗ್ರಹದ ಪಂಕ್ತಿಗೆ ಸೇರತಕ್ಕದ್ದೋ ಎಂಬ ಪ್ರಶ್ನೆಯನ್ನು, ಕೈಯಲ್ಲಿರುವ ಹಣ ಅಳತೆಯದಾಗಿದ್ದವನು ವಿಚಾರ ಮಾಡದೆ ಇರಲಾರ. ಹಣ ಅಳತೆ ಮೀರಿ ಇದ್ದವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲವೆಂಬುದು ಬೇರೆಯ ಮಾತು.

ಹಗುರತನವನ್ನು ನಮ್ಮ ದರ್ಶನಕಾರರು ಅಲಕ್ಷಿಸಿದವರಲ್ಲ. ಸಾಂಖ್ಯಕಾರಿಕೆಯನ್ನು ರಚಿಸಿದ ಈಶ್ವರಕೃಷ್ಣನು ಲಾಘವವನ್ನೂ ಪ್ರಕಾಶವನ್ನೂ ಸತ್ತ್ವಕ್ಕೆ, ಪ್ರೇರಣೆಯನ್ನೂ ಚಲನೆಯನ್ನೂ ರಜಸ್ಸಿಗೆ, ಭಾರವನ್ನೂ ಮುಸುಕುವಿಕೆಯನ್ನೂ ತಮಸ್ಸಿಗೆ ಲಕ್ಷಣಗಳಾಗಿ ಹೇಳಿದ್ದಾನೆ. ಈ ವಿಭಾಗದಂತೆ ನೋಡಿದರೆ, ರಾಜಸವಾದ ಕಾಲುಗಳಿಂದ ತಾಮಸವಾದ ದೇಹವನ್ನು ಮೇಲಕ್ಕೊಯ್ಯುವ ಸವಾರನು ತನ್ನ ಗಾಲಿಯಲ್ಲಿಯಾದರೂ ಸ್ವಲ್ಪ ಸತ್ತ್ವವಿರಲೆಂದು ಆಶಿಸುವುದರಲ್ಲಿ ಆಕ್ಷೇಪಾರ್ಹವಾದುದೇನೂ ಕಾಣದು. ಪತಂಜಲಿಯ ಯೋಗಸೂತ್ರದ ವಿಭೂತಿಪಾದವಂತೂ ಇನ್ನೂ ಮುಂದೆ ಹೋಗಿ, ಹತ್ತಿಯಂತೆ ಹಗುರವಾದುದರಲ್ಲಿ ಚಿತ್ತವನ್ನು ತನ್ಮಯಗೊಳಿಸಿದ ಯೋಗಿಗೆ ಆಕಾಶಗಮನವೇ ಸಿದ್ಧಿಸುವುದೆಂದು ಹೇಳುವುದು; ಲಘಿಮಾ ಎಂಬ ಸಿದ್ಧಿಯ ಕೀರ್ತಿಯನ್ನು ಪುರಾಣಗಳೂ ಹಾಡಿವೆ. ಆದರೆ ಅದೇ ಪಾದದಲ್ಲಿ, ಇಂಥ ಸಿದ್ಧಿಗಳು ಲೋಕವ್ಯವಹಾರಕ್ಕೆ ಸಿದ್ಧಿಗಳಾದರೂ ಸಮಾಧಿಗೆ ವಿಘ್ನಗಳೆಂದೂ, ಅವುಗಳಲ್ಲಿಯೂ ವೈರಾಗ್ಯ ಹುಟ್ಟಿದವನಿಗೆ ಮಾತ್ರ ಕೈವಲ್ಯವೆಂದೂ ಎಚ್ಚರಿಕೆಯಿದೆ. ಹಗುರವಾಗುವುದು ಒಂದು, ಹಗುರತನಕ್ಕೆ ಮನಸೋಲುವುದು ಮತ್ತೊಂದು. ಯೋಗಿಯ ವಿಷಯದಲ್ಲಿಯೇ ಈ ಎರಡನ್ನೂ ಬೇರ್ಪಡಿಸುವುದು ಕಷ್ಟವಾಗಿರಲು, ಅಂಗಡಿಯ ಮುಂದೆ ನಿಂತ ಗೃಹಸ್ಥನ ಪಾಡು ಏನೆಂಬುದನ್ನು ಊಹಿಸಬಹುದು.

ಲೆಕ್ಕವಿಲ್ಲದ ಮಾತನ್ನು ಒಪ್ಪದಿದ್ದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇದೇ ನಂದಿಯ ಆಸುಪಾಸಿನಲ್ಲಿರುವುದರಿಂದ, ಲೆಕ್ಕ ಹಾಕದೆ ಮುಂದೆ ಹೋಗುವುದು ಔಚಿತ್ಯವಲ್ಲ. ಸವಾರ, ಸೈಕಲ್ಲು, ಉಡುಪು, ನೀರು ಎಲ್ಲ ಕೂಡಿ 85 ಕಿಲೋ ಎನ್ನಿ. ಏಳೆಂಟು ಕಿಲೋಮೀಟರಿನ ಏರು ರಸ್ತೆ ಅವನನ್ನು 430 ಮೀಟರ್ ಮೇಲಕ್ಕೆ ಒಯ್ಯುವುದೆನ್ನಿ. ಇಷ್ಟು ತೂಕವನ್ನು ಅಷ್ಟೆತ್ತರಕ್ಕೆ ಎತ್ತಲು ಗುರುತ್ವಕ್ಕೆ ಸಲ್ಲಿಸಬೇಕಾದ ಕಪ್ಪ ಸುಮಾರು 3,58,000 ಜೂಲ್. ಗಾಲಿಗಳನ್ನು ಬದಲಾಯಿಸಿ 400 ಗ್ರಾಂ ಉಳಿಸಿದರೆ ಅದರಲ್ಲಿ ಉಳಿತಾಯವಾಗುವುದು 1,700 ಜೂಲ್, ಎಂದರೆ ನೂರಕ್ಕೆ ಅರ್ಧವೂ ಇಲ್ಲ. ಏರಿಗೆಂದೇ 180 ವಾಟ್ ಶಕ್ತಿಯನ್ನು ಸತತವಾಗಿ ಕೊಡಬಲ್ಲ ಸವಾರನಿಗೆ ಅರ್ಧ ಗಂಟೆಯನ್ನು ತುಸು ಮೀರುವ ಆ ಪ್ರಯಾಣದಲ್ಲಿ ಮಿಗುವುದು ಒಂಬತ್ತೋ ಹತ್ತೋ ಸೆಕೆಂಡು. ಆಹಾರದಿಂದ ಬಂದ ಶಕ್ತಿಯಲ್ಲಿ ಕಾಲುಭಾಗದಷ್ಟನ್ನು ಮಾತ್ರ ಸ್ನಾಯುಗಳು ಕೆಲಸವಾಗಿ ಮಾರ್ಪಡಿಸುವುವೆಂದು ಗಣಿಸಿದರೂ, ಆ 1,700 ಜೂಲಿಗೆ ಬೇಕಾದ ಸಕ್ಕರೆ ಅರ್ಧ ಗ್ರಾಮಿಗಿಂತ ಕಡಮೆ. ಸೈಕಲ್ಲಿಗೆ ಸಿಕ್ಕಿಸಿದ ಬಾಟಲಿಯ ಅರ್ಧ ಲೀಟರ್ ನೀರು ಗಾಲಿಯಲ್ಲಿ ಉಳಿಸಿದ ಆ 400 ಗ್ರಾಮಿಗಿಂತ ಹೆಚ್ಚು ತೂಗುವುದು. ಅದನ್ನು ತಪ್ಪಲಿನಲ್ಲಿ ಚೆಲ್ಲಿಹೋದರೆ ಲಾಭವುಂಟು, ಕುಡಿದು ಹೋದರೆ ಇಲ್ಲ, ಏಕೆಂದರೆ ಹೊಟ್ಟೆಯೂ ಬೆಟ್ಟ ಹತ್ತಬೇಕಷ್ಟೆ.

ಇದನ್ನು ಕೇಳಿದ ಸೈಕಲ್‌ಪ್ರಿಯರು ತಪ್ಪದೆ ಒಂದು ಉತ್ತರ ಕೊಡುವರು: ತಿರುಗುವ ಭಾಗದಲ್ಲಿ ಉಳಿಸಿದ ಒಂದು ಗ್ರಾಂ, ತಿರುಗದ ಭಾಗದಲ್ಲಿ ಉಳಿಸಿದ ಎರಡು ಗ್ರಾಮಿಗೆ ಸಮವೆಂದು. ಯಜ್ಞದಲ್ಲಿ ಪ್ರವೃತ್ತಿ ಹುಟ್ಟಿಸುವುದಕ್ಕಾಗಿ ಫಲವನ್ನು ಹಿಗ್ಗಿಸಿ ಹೊಗಳುವ ವಾಕ್ಯಗಳನ್ನು ಮೀಮಾಂಸಕರು ಅರ್ಥವಾದವೆಂದು ಕರೆದು, ಅದನ್ನು ವಿಧಿಯ ಸ್ಥಾನದಲ್ಲಿ ಕುಳ್ಳಿರಿಸಬಾರದೆಂದು ತಾಕೀತು ಮಾಡಿದರು. ಸೈಕಲ್ಲಿನ ಶಾಸ್ತ್ರದಲ್ಲಿಯೂ ಅರ್ಥವಾದಗಳುಂಟು, ಇದು ಅವುಗಳಲ್ಲಿ ಪ್ರಧಾನವಾದುದು. ವೇಗವನ್ನು ಹೆಚ್ಚಿಸುವ ಕ್ಷಣದಲ್ಲಿ ಮಾತು ನಿಜ. ರಿಮ್ಮು ಮುಂದಕ್ಕೂ ಓಡಬೇಕು, ತನ್ನ ಸುತ್ತಲೂ ಸುತ್ತಬೇಕು. ಆದುದರಿಂದ ಅದಕ್ಕೆ ಹೆಚ್ಚುಕಡಮೆ ಇಮ್ಮಡಿ ಚಲನಶಕ್ತಿಯನ್ನು ಊಡಬೇಕಾಗುವುದು. ಊರೊಳಗಿನ ಪಂದ್ಯದಲ್ಲಿ ಪ್ರತಿ ತಿರುವಿನಿಂದಲೂ ಚಿಮ್ಮಿ ಹೊರಡಬೇಕಾದವನಿಗೆ ಇದರ ಬೆಲೆ ತಿಳಿದಿರುವುದು. ಆದರೆ ಬೆಟ್ಟದ ಏರಿನಲ್ಲಿ ಒಂದೇ ಹದದ ವೇಗದಿಂದ ತುಳಿಯುವವನಿಗೆ ರಿಮ್ಮಿನ ಒಂದು ಗ್ರಾಂ ಜೇಬಿನೊಳಗಣ ಬೀಗದ ಕೈಯ ಒಂದು ಗ್ರಾಮಿಗೆ ಸಮಾನವೇ ಹೊರತು ಹೆಚ್ಚಿನದಲ್ಲ. ಪೆಡಲಿನ ಪ್ರತಿ ತುಳಿತಕ್ಕೂ ಗಾಲಿ ಕಿಂಚಿತ್ ವೇಗ ಪಡೆದು ಕಿಂಚಿತ್ ಕಳೆದುಕೊಳ್ಳುವುದು ನಿಜವಾದರೂ, ಪಡೆದುದನ್ನು ಅದು ಮುಂದಿನ ಗಳಿಗೆಯಲ್ಲಿಯೇ ಪ್ರಾಮಾಣಿಕವಾಗಿ ಹಿಂದಿರುಗಿಸುವುದು.

ಇಷ್ಟಾದರೂ ಹಗುರವಾದ ಗಾಲಿಯ ಮೇಲೆ ಕುಳಿತವನಿಗಾಗುವ ಉಲ್ಲಾಸ ಸುಳ್ಳೆಂದು ನಾನು ಹೇಳಲಾರೆ. ಸೀಟಿನಿಂದೆದ್ದು ನಿಂತು ತುಳಿದಾಗ ಸೈಕಲ್ಲು ತೊಡೆಯ ಇಂಗಿತವನ್ನು ಅರಿತಂತೆ ಮುಂದಕ್ಕೆ ನೆಗೆಯುವ ಆ ಅನುಭವವನ್ನು ಒಮ್ಮೆ ಕಂಡವನು ಜೂಲಿನ ಲೆಕ್ಕವನ್ನು ಕೇಳುತ್ತಾನೆ, ತಲೆದೂಗುತ್ತಾನೆ, ಮರುದಿನ ಅಂಗಡಿಗೆ ಹೋಗುತ್ತಾನೆ. ಗೀತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಸತ್ತ್ವವೂ ಕಟ್ಟಿಹಾಕುವುದೆಂದೂ, ಅದರ ಕಟ್ಟು ಸುಖದ ಮತ್ತು ಜ್ಞಾನದ ಸಂಗವೆಂದೂ ಹೇಳಿರುವುದನ್ನು ನಾನು ಬಹುಕಾಲ ಪಂಡಿತರ ಸೂಕ್ಷ್ಮವೆಂದು ಬದಿಗಿಟ್ಟಿದ್ದೆ. ಹತ್ತು ಸೆಕೆಂಡಿನ ಲಾಭವನ್ನು ಲೆಕ್ಕದಿಂದ ತಿಳಿದೂ ತಿಂಗಳ ಸಂಬಳವನ್ನು ಗಾಲಿಗೆ ಸುರಿಯುವ ವಿವೇಕಿಗಳನ್ನು ಕಂಡ ಮೇಲೆ, ಅದು ದಿನನಿತ್ಯದ ಅನುಭವದ ಮಾತೆಂದು ಮನಗಂಡೆನು. ತಮಸ್ಸು ಕಟ್ಟಿದರೆ ಕಟ್ಟಿತೆಂದು ಗೊತ್ತಾಗುವುದು. ಹಗುರವಾದ ಕಟ್ಟು ಗೊತ್ತಾಗುವುದಿಲ್ಲ.

ನಗರದ ಹಳೆಯ ಬಡಾವಣೆಯೊಂದರಲ್ಲಿ ಗಾಲಿ ಕಟ್ಟುವುದರಲ್ಲಿ ಕೈಪಳಗಿದ ವೃದ್ಧರೊಬ್ಬರಿದ್ದಾರೆ. ಅವರಲ್ಲಿಗೆ ಹೋಗಿ, ಹಗುರವೂ ಆಗಿರಬೇಕು, ನಮ್ಮ ರಸ್ತೆಯ ಗುಂಡಿಗಳಿಗೂ ತಡೆಯಬೇಕು, ಬೆಲೆಯೂ ಮಿತವಾಗಿರಬೇಕು ಎಂದು ನನ್ನ ಅಪೇಕ್ಷೆಗಳನ್ನು ನಿವೇದಿಸಿಕೊಂಡಾಗ ಅವರು ತಲೆಯೆತ್ತದೆ, “ಮೂರೂ ಬೇಕು ಅಂದ್ರೆ ಆಗಲ್ಲ ಸಾರ್. ಎರಡು ಯಾವುದು ಅಂತ ಹೇಳಿ, ಮಾಡ್ಕೊಡ್ತೀನಿ” ಎಂದರು. ಅಮೆರಿಕದ ಸೈಕಲ್ ನಿರ್ಮಾತೃ ಕೀತ್ ಬಾಂಟ್ರೇಗರ್ ಎಂಬಾತ ಇದೇ ಅಭಿಪ್ರಾಯವನ್ನು ಹೇಳಿ ಪ್ರಸಿದ್ಧನಾಗಿದ್ದಾನೆ. ನಮ್ಮ ವೃದ್ಧರು ಆತನ ಹೆಸರನ್ನು ಕೇಳಿದವರಲ್ಲ. ಅವರ ಮುಂದೆ ಸ್ಟ್ಯಾಂಡಿಗೆ ಏರಿಸಿದ ಗಾಲಿಯೊಂದಿತ್ತು. ಅದನ್ನು ಮೆಲ್ಲಗೆ ತಿರುಗಿಸಿ, ರಿಮ್ಮು ಎಲ್ಲಿ ಬದಿಗೆ ವಾಲುವುದೋ ಅಲ್ಲಿ ಹೆಬ್ಬೆರಳಿನಿಂದ ನಿಲ್ಲಿಸಿ, ಕಡ್ಡಿಯ ಬುಡದ ನಿಪ್ಪಲ್ಲಿಗೆ ಕೀ ಹಾಕಿ ಕಾಲುಸುತ್ತು ತಿರುವಿ, ಪಕ್ಕದ ಕಡ್ಡಿಯನ್ನು ಅದರ ಅರ್ಧದಷ್ಟು ಸಡಿಲಿಸಿ, ಎರಡನ್ನೂ ಉಗುರಿನಿಂದ ಮೀಟಿ ನಾದವನ್ನು ಹೋಲಿಸಿ, ಮತ್ತೆ ತಿರುಗಿಸುತ್ತಿದ್ದರು. ಬೆಂಡು ತೆಗೆಯುವ ಈ ಕೆಲಸದಲ್ಲಿ ತೋರುವ ತಾಳ್ಮೆಯನ್ನು ನಾನು ಅನೇಕ ಜಪಶೀಲರಲ್ಲಿ ಕಂಡಿಲ್ಲ. “ಯಜಮಾನರೆ, ಇಷ್ಟೊಂದು ಬಿಗಿ ಯಾಕೆ ಬೇಕು?” ಎಂದು ಕೇಳಿದೆನು. “ಬಿಗಿ ಇದ್ರೇನೆ ಸಾರ್, ಅದಕ್ಕೆ ಸಡಿಲ ಆಗೋಕೆ ಜಾಗ” ಎಂದರು.

ಈ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು, 1981ರಲ್ಲಿ ಪ್ರಕಟವಾದ ಜಾಬ್ಸ್ಟ್ ಬ್ರಾಂಟ್ ಅವರ ಸೈಕಲ್ ಚಕ್ರವನ್ನು ಕುರಿತ ಗ್ರಂಥದ ವಿಚಾರಗಳನ್ನು ಅರಿತುಕೊಂಡ ಮೇಲೆ. ತಂತಿಯ ಕಡ್ಡಿ ಎಳೆಯಬಲ್ಲುದೇ ವಿನಾ ನೂಕಲಾರದು. ಆದುದರಿಂದ ಸವಾರನ ಭಾರ ಗಾಲಿಯ ಮೇಲ್ಭಾಗದ ಕಡ್ಡಿಗಳಿಂದ ತೂಗುಬಿದ್ದಿದೆಯೆಂದು ಸಾಮಾನ್ಯರ ಊಹೆ. ವಾಸ್ತವವಾಗಿ ನಡೆಯುವುದೇ ಬೇರೆ. ಗುಂಬ, ಎಂದರೆ ಗಾಲಿಯ ನಡುವಣ ಹಬ್ಬು, ನೆಲದತ್ತ ಒತ್ತಿದಾಗ ಮೇಲಿನ ಮತ್ತು ಪಕ್ಕದ ಕಡ್ಡಿಗಳ ಬಿಗಿಯಲ್ಲಿ ಹೇಳತಕ್ಕಷ್ಟು ವ್ಯತ್ಯಾಸವಾಗುವುದಿಲ್ಲ. ನೆಲಕ್ಕೆ ನೇರವಾಗಿ ಬಂದ ಕೆಲವೇ ಕಡ್ಡಿಗಳು ತಮ್ಮ ಬಿಗಿಯಲ್ಲಿ ಒಂದು ಅಂಶವನ್ನು ಕಳೆದುಕೊಳ್ಳುವುವು, ಆ ಕಳೆದುಕೊಳ್ಳುವಿಕೆಯೇ ಭಾರವನ್ನು ಹೊರುವುದು. ಗಾಲಿಯ ಸುತ್ತಳತೆ ಎರಡು ಮೀಟರಿಗೆ ತುಸು ಮೇಲಿರುವುದರಿಂದ, ನಂದಿಯ ಒಂದು ಏರಿನಲ್ಲಿ ಒಂದೊಂದು ಕಡ್ಡಿಯೂ ಮೂರೂವರೆ ಸಾವಿರ ಸಲ ಸಡಿಲಗೊಂಡು ಮೂರೂವರೆ ಸಾವಿರ ಸಲ ಬಿಗಿಯಾಗುವುದು. ಬೃಹದಾರಣ್ಯಕದ ಋಷಿಯು ಅರಗಳು ನಾಭಿಯಲ್ಲಿಯೂ ನೇಮಿಯಲ್ಲಿಯೂ ಸೇರಿಕೊಂಡಿರುವುದನ್ನು ಆತ್ಮನಲ್ಲಿ ಸಮಸ್ತವೂ ನೆಲೆಗೊಂಡಿರುವುದಕ್ಕೆ ದೃಷ್ಟಾಂತವಾಗಿ ಹೇಳಿದನು. ಆತನು ಕಂಡದ್ದು ರಥದ ಮರದ ಅರಗಳನ್ನು, ಅವು ಕಂಬಗಳಂತೆ ಸೆಟೆದು ನಿಂತು ಭಾರ ಹೊರುವುವು. ಬಿಗಿಯನ್ನು ಮೊದಲು ಸಂಪಾದಿಸಿ, ಬಳಿಕ ಕಳೆದುಕೊಳ್ಳುತ್ತ ಹೊರುವ ಚಕ್ರವನ್ನು ಆತನು ಕಂಡಿದ್ದರೆ ಯಾವ ಸಿದ್ಧಾಂತಕ್ಕೆ ಅದನ್ನು ದೃಷ್ಟಾಂತ ಮಾಡುತ್ತಿದ್ದನೋ ತಿಳಿಯದು. ಇಲ್ಲದುದನ್ನು ಬಿಡಲಾಗದು, ಇದ್ದುದನ್ನು ಮಾತ್ರ ಬಿಡಬಹುದೆಂಬ ನ್ಯಾಯಕ್ಕೆ ಆ ವೃದ್ಧರ ಗಾಲಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಹಗುರತನದ ಹಂಬಲದಲ್ಲಿ ತಯಾರಕರು ಮೊದಲು ಕಡಿತ ಮಾಡುವುದು ಈ ಕಡ್ಡಿಗಳನ್ನೇ. ಮೂವತ್ತೆರಡು ಇದ್ದಲ್ಲಿ ಮುಂದೆ ಇಪ್ಪತ್ತು, ಹಿಂದೆ ಇಪ್ಪತ್ತನಾಲ್ಕು ಆಗುವುವು. ಉಳಿದವುಗಳ ಪಾಲಿಗೆ ಹೆಚ್ಚು ಹೊರೆ ಬೀಳುವುದು. ಹೊರೆ ಮಿತಿಮೀರಿ ಕಡ್ಡಿ ಪೂರ್ಣವಾಗಿ ಸಡಿಲಗೊಂಡರೆ, ಪ್ರತಿ ಸುತ್ತಿನಲ್ಲಿಯೂ ಅದರ ಮೊಣಕೈಯಂತಹ ಬಾಗು ಹಬ್ಬಿನೊಳಗೆ ಅಲುಗಾಡಿ ದಣಿದು ಒಂದು ದಿನ ಮುರಿಯುವುದು. ಐವತ್ತೈದು ಕಿಲೋ ತೂಗುವವನಿಗೆ ಒಪ್ಪುವ ಗಾಲಿಯನ್ನು ತೊಂಬತ್ತು ಕಿಲೋ ತೂಗುವವನು ಕೊಂಡರೆ ಆತ ಉಳಿಸಿದ ತೂಕವೆಲ್ಲ ಮನೆಗೆ ಬರುವ ಆಟೋದಲ್ಲಿ ಕುಳಿತಿರುವುದು.

ಹಾಗಾದರೆ ಗೃಹಸ್ಥನು ಏನು ಮಾಡತಕ್ಕದ್ದು? ಈ ಪ್ರಶ್ನೆಗೆ ನಮ್ಮ ನಾಡಿನ ಜೈನರ ಆಚಾರಶಾಸ್ತ್ರದಷ್ಟು ವ್ಯಾವಹಾರಿಕವಾದ ಉತ್ತರವನ್ನು ಬೇರೆಲ್ಲಿಯೂ ನಾನು ಕಂಡಿಲ್ಲ. ಶ್ರವಣಬೆಳಗೊಳದ ಕಡೆ ಕಾಣಸಿಗುವ ದಿಗಂಬರ ಮುನಿಗಳ ಬಳಿ ಇರತಕ್ಕದ್ದು ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದಲೊಂದು ಶಾಸ್ತ್ರಗ್ರಂಥ. ಪಿಂಛಿಯಾದರೂ ಕುಳಿತುಕೊಳ್ಳುವ ಜಾಗದಲ್ಲಿ ಕ್ರಿಮಿಕೀಟಗಳಿಗೆ ಹಿಂಸೆಯಾಗದಿರಲೆಂದು. ಈ ಅಪರಿಗ್ರಹವನ್ನು ಸಂಸಾರಿಯಿಂದ ಆ ಶಾಸ್ತ್ರಕಾರರು ನಿರೀಕ್ಷಿಸಲಿಲ್ಲ. ಅವನಿಗೆ ವಿಧಿಸಿದ್ದು ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣ: ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯಗಳು ಇಷ್ಟಿದ್ದರೆ ಸಾಕು, ಇದಕ್ಕೆ ಮೀರಿದ್ದು ಬೇಡವೆಂದು ತಾನೇ ಮೊದಲು ಅಳತೆ ಹಾಕಿಕೊಂಡು ಆ ಅಳತೆಯೊಳಗೆ ಬಾಳುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದೆ. ಅಳತೆ ಬೀಳುವುದು ವಸ್ತುವಿನ ಮೇಲಲ್ಲ, ಬಯಕೆಯ ಮೇಲೆಯೇ. ವಸ್ತು ಪರಿಗ್ರಹವಲ್ಲ, ಅದರಲ್ಲಿನ ಮೋಹವೇ ಪರಿಗ್ರಹವೆಂಬುದು ತತ್ತ್ವಾರ್ಥಸೂತ್ರದ ನಿಲುವು.

ಬಜೆಟ್ಟೆಂದು ನಾವು ಕರೆಯುವುದು ಬಡತನದ ಒತ್ತಾಯವಾಗಿರಬಹುದು, ಈ ವ್ರತವೂ ಆಗಿರಬಹುದು; ಅಂಗಡಿಗೆ ಹೋಗುವುದಕ್ಕೆ ಮುಂಚೆ ಮೊತ್ತ ನಿಶ್ಚಯವಾಗಿತ್ತೇ, ಹೋದ ಮೇಲೆ ನಿಶ್ಚಯವಾಯಿತೇ ಎಂಬುದನ್ನು ನೋಡಿ ಯಾವುದೆಂದು ತಿಳಿಯಬಹುದು. ಇಪ್ಪತ್ತೈದು ಸಾವಿರವೆಂದು ಮನೆಯಲ್ಲಿ ನಿಶ್ಚಯಿಸಿದವನಿಗೆ ಅಂಗಡಿಯವನು ಇನ್ನು ಐದು ಸಾವಿರ ಹಾಕಿದರೆ ನೂರು ಗ್ರಾಂ ಕಡಮೆಯೆನ್ನುತ್ತಾನೆ, ಅಲ್ಲಿಂದ ಇನ್ನೈದು ಹಾಕಿದರೆ ಬೇರಿಂಗು ಮೇಲ್ದರ್ಜೆಯದೆನ್ನುತ್ತಾನೆ. ಎರಡು ಮಾತೂ ಸತ್ಯವಾಗಿರುವುದೇ ಇದರಲ್ಲಿನ ಅಪಾಯ. ಸುಳ್ಳಿನ ಎದುರು ವ್ರತ ಕೆಡುವುದು ವಿರಳ. ಇನ್ನು ಉಳ್ಳವನು ತನಗೆ ಎಂದೂ ಮುಟ್ಟಲಾಗದಷ್ಟು ಎತ್ತರದಲ್ಲಿ ಮಿತಿಯನ್ನು ಕಟ್ಟಿಕೊಂಡು ವ್ರತಿಯೆನಿಸಿಕೊಳ್ಳಬಹುದಲ್ಲವೇ ಎಂಬ ಆಕ್ಷೇಪ ಹಳೆಯದು. ಅದಕ್ಕೆ ನಿರ್ಣಾಯಕವಾದ ಸಮಾಧಾನ ನನ್ನಲ್ಲಿಲ್ಲ. ಹೊರಗಿನಿಂದ ಹೇರಿದ ಮಿತಿಯಿಂದ ಏನಾಗುವುದೆಂಬುದನ್ನು ಮಾತ್ರ ತೋರಿಸಬಲ್ಲೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ದಲ್ಲಿ ಪಂದ್ಯದ ಸೈಕಲ್ಲು 6.8 ಕಿಲೋಗಿಂತ ಕಡಮೆ ತೂಗಕೂಡದೆಂದು ನಿಯಮ ಮಾಡಿತು. ಅಂದಿನಿಂದ, ಹಗುರವಾದ ಭಾಗಗಳಿಗೆ ಧಾರಾಳವಾಗಿ ಹಣ ಸುರಿದ ತಂಡಗಳೇ ಸೈಕಲ್ಲು ನಿಯಮಕ್ಕಿಂತ ಕೆಳಗಿಳಿಯಿತೆಂದು ಅದಕ್ಕೆ ಲೋಹದ ತುಂಡುಗಳನ್ನು ಸೇರಿಸಿ ತೂಕ ತುಂಬಿಸಿದ್ದುಂಟು. ಇಚ್ಛೆಗೆ ಅಳತೆ ಬೀಳದೆ ವಸ್ತುವಿಗೆ ಮಾತ್ರ ಬಿದ್ದರೆ ಸೀಸವನ್ನು ಹೊತ್ತು ಬೆಟ್ಟ ಹತ್ತಬೇಕಾಗುವುದು.

ಅಳತೆ ಹಾಕಿಕೊಂಡವನು ಕ್ರಮದಲ್ಲಿ ಏನನ್ನು ಬಿಡಬೇಕೆಂಬುದು ಕಷ್ಟವಾದ ವಿಷಯವಲ್ಲ. ಸಾಮಾನ್ಯ ರಬ್ಬರಿನ ಟ್ಯೂಬು ಸುಮಾರು 100 ಗ್ರಾಂ, ಟಿಪಿಯು ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಈಚಿನ ಟ್ಯೂಬು ಅದರ ಅರ್ಧಕ್ಕೂ ಕಡಮೆ. ತಂತಿಯಂಚಿನ ಟೈರು 300 ಗ್ರಾಂ ಮೀರಿದರೆ, ಮಡಿಚಬಹುದಾದ ಒಳ್ಳೆಯ ಟೈರು 220ರ ಆಸುಪಾಸು. ಇವೆರಡನ್ನು ಬದಲಾಯಿಸಿದರೆ ಗಾಲಿಯ ಅಂಚಿನಲ್ಲಿಯೇ ಕಾಲು ಕಿಲೋ ಹೋಗುವುದು, ಉರುಳುವ ಘರ್ಷಣೆಯೂ ಇಳಿಯುವುದು, ಖರ್ಚು ಹೊಸ ಗಾಲಿಯ ಬೆಲೆಯ ಒಂದು ಚಿಕ್ಕ ಪಾಲು. ಆಮೇಲೆ ಹಿಂದಿನ ಕ್ಯಾಸೆಟ್ಟಿನಲ್ಲಿ ಇಪ್ಪತ್ತೆಂಟು ಹಲ್ಲಿನ ದೊಡ್ಡ ಚಕ್ರಕ್ಕೆ ಬದಲು ಮೂವತ್ತೆರಡರದೋ ಮೂವತ್ತನಾಲ್ಕರದೋ ಹಾಕಿಸಿಕೊಳ್ಳುವುದು ಲೇಸು. ಅದು ಸ್ವಲ್ಪ ತೂಕವನ್ನು ಕೂಡಿಸುವುದು, ಮೊಣಕಾಲಿಗೆ ಏರನ್ನು ಹಗುರಗೊಳಿಸುವುದು; ತಕ್ಕಡಿಯಲ್ಲಿ ನಷ್ಟ, ರಸ್ತೆಯಲ್ಲಿ ಲಾಭ. ಇಷ್ಟಾಗಿಯೂ ಅಳತೆಯೊಳಗೆ ಹಣವೂ ಮನಸ್ಸಿನಲ್ಲಿ ಆಸೆಯೂ ಉಳಿದಿದ್ದರೆ, 1600 ಗ್ರಾಮಿನೊಳಗಿನ ಅಲ್ಯೂಮಿನಿಯಂ ಜೋಡಿಯೊಂದನ್ನು, ಅದರ ಕಡ್ಡಿ ಮುರಿದರೆ ಊರಿನ ಅಂಗಡಿಯಲ್ಲಿಯೇ ಬದಲಿ ಸಿಗುವಂಥದನ್ನು, ಆರಿಸಿಕೊಳ್ಳಲಿ. ಅಪೂರ್ವವಾದ ಕಡ್ಡಿಯುಳ್ಳ ಗಾಲಿಯು ಒಡೆಯನನ್ನು ತಿಂಗಳುಗಟ್ಟಲೆ ನಡೆಸಬಲ್ಲುದು.

ಏರುವುದರ ವಿಚಾರದಲ್ಲಿ ಮುಳುಗಿದವರು ಮರೆಯುವ ಒಂದು ಸಂಗತಿಯೆಂದರೆ ಇಳಿಯುವುದು. ಮುನಿಯಾದವನು ಬೆಟ್ಟದ ಮೇಲೆಯೇ ಇದ್ದುಬಿಡಬಹುದು, ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನವೆಂಬ ಉಪವಾಸಮರಣದ ವ್ರತವನ್ನು ಕೈಗೊಂಡವರು ಇಳಿಯುವ ಯೋಚನೆಯನ್ನು ಇಟ್ಟುಕೊಂಡಿರಲಿಲ್ಲ. ಸಂಸಾರಿ ಹತ್ತು ಗಂಟೆಗೆ ಆಫೀಸಿನಲ್ಲಿರಬೇಕು. ಹತ್ತುವಾಗ ಬೆವರಿ ಕೂಡಿಟ್ಟ ಆ 3,58,000 ಜೂಲ್ ಎಲ್ಲಿಯೂ ಹೋಗಿರುವುದಿಲ್ಲ. ಇಳಿಯುವಾಗ ಒಂದು ಪಾಲು ಗಾಳಿಗೆ ಸಂದು, ಮಿಕ್ಕಿದ್ದು ಬ್ರೇಕಿನಲ್ಲಿ ಶಾಖವಾಗಿ ತೀರಬೇಕು. ರಿಮ್ಮನ್ನೇ ಹಿಡಿಯುವ ಬ್ರೇಕಾದರೆ ಆ ಶಾಖವೆಲ್ಲ ರಿಮ್ಮಿಗೆ. ಅಲ್ಯೂಮಿನಿಯಂ ಅದನ್ನು ಬೇಗ ಹಂಚಿ ಗಾಳಿಗೆ ಬಿಟ್ಟುಕೊಡುವುದು. ಕಾರ್ಬನ್ ಹಾಗೆ ಬಿಟ್ಟುಕೊಡುವುದಿಲ್ಲ, ಉದ್ದವಾದ ಇಳಿಜಾರಿನಲ್ಲಿ ಅಂಜಿಕೆಯಿಂದ ಬ್ರೇಕನ್ನು ಬಿಡದೆ ಹಿಡಿದವನ ಅಗ್ಗದ ಕಾರ್ಬನ್ ರಿಮ್ಮಿನಲ್ಲಿ ನಾರುಗಳನ್ನು ಬಂಧಿಸಿದ ರಾಳ ಮೆತ್ತಗಾಗಿ ಅಂಚು ಉಬ್ಬುವುದುಂಟು. ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಈ ಭಯವಿಲ್ಲ. ಆದುದರಿಂದ ಬೆಟ್ಟ ಹತ್ತಲು ಯಾವ ಗಾಲಿ ಕೊಳ್ಳಲೆಂದು ಕೇಳುವ ಕಿರಿಯರನ್ನು ನಾನು ಮೊದಲು ಕೇಳುವುದು ಅವರ ಬ್ರೇಕು ಎಂಥದೆಂದು. ರಿಮ್ ಬ್ರೇಕೆಂದರೆ ಅಲ್ಯೂಮಿನಿಯಮ್ಮನ್ನೇ ಕೊಳ್ಳಿರೆನ್ನುತ್ತೇನೆ, ಡಿಸ್ಕೆಂದರೆ ಅವರು ಮನೆಯಿಂದ ಹೊರಡುವಾಗ ನಿಶ್ಚಯಿಸಿಕೊಂಡು ಬಂದ ಮೊತ್ತ ಎಷ್ಟೆಂದು ಕೇಳುತ್ತೇನೆ.